ಬಿಡೋದು ಬ್ಯಾರೆ, ಒಗೆಯೋದು ಬ್ಯಾರೆ

ಕಲಬುರಗಿ ಕಡೆ ಯಾರೂ ಮಾತಿನಲ್ಲಿ 'ಗಣೇಶ ವಿಸರ್ಜನೆ' ಅನ್ನೋದಿಲ್ಲ. ಅದು ಪೊಲೀಸ್ ಪ್ರಕಟಣೆಯ ಭಾಷೆ, ಪೇಪರಿನ ಹೆಡ್‌ಲೈನಿನ ಭಾಷೆ. ಮನೆಯಲ್ಲಿ ಇರೋದು ಎರಡೇ ಮಾತು: ಗಣಪತಿ ಕೂಡ್ರಸೋದು, ಗಣಪತಿ ಬಿಡೋದು. "ನಿಮ್ಮನಿ ಗಣಪತಿ ಎಷ್ಟ ದಿನಕ್ಕ ಬಿಡ್ತೀರಿ?" ಅಂತ ಕೇಳ್ತಾರೆ. ಒಂದು, ಮೂರು, ಐದು, ಒಂಬತ್ತು... ಮನೆತನದ ಪದ್ಧತಿ ಹೇಗಿದೆಯೋ ಹಾಗೆ.

ಈ 'ಬಿಡೋದು' ಅನ್ನೋ ಪದವನ್ನ ಸ್ವಲ್ಪ ನಿಂತು ನೋಡಿ. ಊರಿಗೆ ಹೊರಟ ನೆಂಟರನ್ನ ಬಸ್‌ಸ್ಟ್ಯಾಂಡಿಗೆ ಬಿಡ್ತೀವಿ. ಬಾಣಂತನ ಮುಗಿದ ಮಗಳನ್ನ ಗಂಡನ ಮನೆಗೆ ಬಿಟ್ಟು ಬರ್ತೀವಿ. ಮಗುವನ್ನ ಮೊದಲ ದಿನ ಶಾಲೆಗೆ ಬಿಡ್ತೀವಿ. ಬಿಡೋದರಲ್ಲಿ ಕೈ ತೆಗೆಯೋದು ಎಷ್ಟಿದೆಯೋ, ತಲುಪಿಸೋದೂ ಅಷ್ಟೇ ಇದೆ. ಬಸ್ಸು ಹೊರಡೋವರೆಗೂ ಕಿಟಕಿ ಹತ್ತಿರ ನಿಂತಿರ್ತೀವಲ್ಲ, ಅದೂ ಬಿಡೋದರ ಭಾಗವೇ.

ನಮ್ಮ ಕಡೆ ಇನ್ನೊಂದು ಪದ ಇದೆ: ಒಗೆಯೋದು. ಬೆಂಗಳೂರಿನ ಗೆಳೆಯರಿಗೆ ಅದು ಬಟ್ಟೆಗೆ ಮಾತ್ರ ಸಂಬಂಧಪಟ್ಟ ಕೆಲಸ. ಕಲಬುರಗಿಯಲ್ಲಿ "ಆ ಕಸ ಹೊರಗ ಒಗಿ" ಅಂದ್ರೆ ಎಸೆ ಅಂತ ಅರ್ಥ. ಒಗೆದಿದ್ದು ಎಲ್ಲಿ ಬಿತ್ತು, ಆಮೇಲೆ ಏನಾಯ್ತು ಅಂತ ಯಾರೂ ನೋಡೋದಿಲ್ಲ. ನೋಡಬೇಕಾಗಿಲ್ಲ ಅನ್ನೋದೇ ಒಗೆಯೋದರ ಸುಖ.

ಹಬ್ಬದ ಮಾರನೇ ದಿನ ಬೆಳಗ್ಗೆ ಯಾವುದೇ ಊರಿನ ಕೆರೆ ದಂಡೆಗೆ ಹೋಗಿ ನಿಂತರೆ ಒಂದು ಪ್ರಶ್ನೆ ತಾನಾಗಿಯೇ ಏಳುತ್ತೆ. ಮುರಿದ ಸೊಂಡಿಲು, ಥರ್ಮಾಕೋಲ್, ಬಣ್ಣ ಬಿಡುತ್ತಿರುವ ಕಿರೀಟ, ಪ್ಲಾಸ್ಟಿಕ್ ಹೂವು. ನಿನ್ನೆ ರಾತ್ರಿ ಕಣ್ಣಲ್ಲಿ ನೀರು ತಂದುಕೊಂಡು ನಾವು ಮಾಡಿದ್ದು ಯಾವುದು? ಬಿಟ್ಟಿದ್ದಾ, ಒಗೆದಿದ್ದಾ?

ಮಣ್ಣನ್ನು ಪೂಜಿಸೋದು ಈ ಸೀಮೆಯಲ್ಲಿ ಗಣಪತಿಯಿಂದ ಶುರುವಾಗೋದಿಲ್ಲ. ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಶ್ರಾವಣದ ಪಂಚಮಿಗೆ ಮಣ್ಣಿನ ನಾಗಪ್ಪ. ಭಾದ್ರಪದದ ಚೌತಿಗೆ ಗಣಪ್ಪ. ಅವನ ಬೆನ್ನಿಗೇ ಜೋಕುಮಾರ. ಮುಂಗಾರು ಶುರುವಾಗಿ ಬೆಳೆ ಮೇಲೇಳೋ ಹೊತ್ತಿಗೆ ಐದು ಸಲ ಮಣ್ಣು ದೇವರಾಗುತ್ತೆ, ಐದು ಸಲ ದೇವರು ಮಣ್ಣಾಗ್ತಾನೆ. ಯಾವುದಕ್ಕೂ ಮೊದಲು ಅಂಗಡಿ ಬೇಕಿರಲಿಲ್ಲ. ಹೊಲದ್ದೋ ಹಳ್ಳದ್ದೋ ಒಂದು ಹೆಂಟೆ ಮಣ್ಣು, ಮಕ್ಕಳ ಕೈ, ಎರಡು ಗುಲಗಂಜಿ ಅಥವಾ ಜೋಳದ ಕಾಳಿನ ಕಣ್ಣು. ಎತ್ತು ಎಷ್ಟು ದೊಡ್ಡದು ಅಂದ್ರೆ ಅಂಗೈಯಷ್ಟು. ಪೂಜೆ ಆದ ಮೇಲೆ ಅದು ಹೊಲದ ಬದುವಿಗೋ, ಬಾವಿಗೋ, ತುಳಸಿ ಕಟ್ಟೆಗೋ ವಾಪಸ್. ಒಂದು ಮಳೆ ಬಿದ್ದರೆ ಎತ್ತು ಯಾವುದು, ಹೊಲ ಯಾವುದು ಅಂತ ಗುರುತು ಸಿಗೋದಿಲ್ಲ.

ಇದನ್ನ ಯಾರೂ 'ಪರಿಸರಸ್ನೇಹಿ' ಅಂತ ಕರೀತಿರಲಿಲ್ಲ. ಕರೆಯೋ ಅಗತ್ಯವೇ ಬಿದ್ದಿರಲಿಲ್ಲ.

ಶಾಸ್ತ್ರದ ಕಡೆಯಿಂದ ನೋಡಿದರೂ ಇದೇ ಕಾಣುತ್ತೆ. ಚೌತಿಯ ವ್ರತದಲ್ಲಿ ಪೂಜೆಗೊಳ್ಳುವವನು ಪಾರ್ಥಿವ ಗಣಪತಿ. ಪಾರ್ಥಿವ ಅಂದ್ರೆ ಪೃಥ್ವಿಯದು, ಮಣ್ಣಿನದು. ಪೂಜೆಗೆ ಒಂದು ಕ್ರಮ ಇದೆ. ಮೊದಲು ಆವಾಹನೆ, ಪ್ರಾಣಪ್ರತಿಷ್ಠೆ, ಆಮೇಲೆ ಉಪಚಾರಗಳು, ಕೊನೆಗೆ ಉದ್ವಾಸನೆ. ಉದ್ವಾಸನೆಯಲ್ಲಿ ಅಕ್ಷತೆ ಹಾಕಿ, ಮೂರ್ತಿಯನ್ನ ಇದ್ದ ಜಾಗದಿಂದ ಚೂರು ಉತ್ತರಕ್ಕೆ ಸರಿಸ್ತಾರೆ. ದೇವರು ಹೊರಡೋದು ಆ ಗಳಿಗೆಯಲ್ಲಿ, ಮನೆಯ ಜಗುಲಿ ಮೇಲೇ. ಅಂದ್ರೆ ನೀರಿಗೆ ಹೋಗೋದು ದೇವರಲ್ಲ. ದೇವರು ಇದ್ದು ಹೋದ ಮಣ್ಣು. ನೀರಿನ ಕೆಲಸ ಇಷ್ಟೇ: ಎಲ್ಲಿಂದ ಬಂತೋ ಅಲ್ಲಿಗೆ ಆ ಮಣ್ಣನ್ನ ತಲುಪಿಸೋದು.

ಹಾಗಾಗಿ ಕರಗದ ಮೂರ್ತಿ ಮೊದಲು ದ್ರೋಹ ಮಾಡೋದು ಪೂಜೆಗೆ, ಪರಿಸರಕ್ಕೆ ಆಮೇಲೆ. ಕರಗೋದಿಲ್ಲ ಅಂದ ಮೇಲೆ ವಿಸರ್ಜನೆ ಪೂರ್ತಿಯಾಗಲಿಲ್ಲ ಅಂತಲೇ ಅರ್ಥ. ಮಂತ್ರ, ಮೆರವಣಿಗೆ, ಪಟಾಕಿ ಎಲ್ಲ ಆಗಿರುತ್ತೆ. ಆಗಬೇಕಾದ ಒಂದು ಕೆಲಸ ಮಾತ್ರ ಬಾಕಿ ಉಳಿದಿರುತ್ತೆ.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಬೇಕು. ಜಿಪ್ಸಮ್ ಅನ್ನು ಸುಮಾರು 150 ಡಿಗ್ರಿಗೆ ಕಾಯಿಸಿ, ಅದರೊಳಗೆ ಕಟ್ಟಿಕೊಂಡಿರುವ ನೀರಿನ ಮುಕ್ಕಾಲು ಪಾಲು ತೆಗೆದರೆ ಸಿಗುವ ಪುಡಿಯೇ ಪ್ಲಾಸ್ಟರ್ ಆಫ್ ಪ್ಯಾರಿಸ್, ಪಿಒಪಿ. ನೀರು ಕಲಸಿ ಅಚ್ಚಿಗೆ ಹಾಕಿದರೆ ಕೆಲವೇ ನಿಮಿಷದಲ್ಲಿ ಮತ್ತೆ ಗಟ್ಟಿ ಜಿಪ್ಸಮ್ ಆಗುತ್ತೆ. ಹಗುರ, ನುಣುಪು, ಅಗ್ಗ, ಸಾಗಿಸೋವಾಗ ಮುರಿಯೋದೂ ಕಡಿಮೆ. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೇದಿಲ್ಲ. ಆದರೆ ಒಂದು ಲೀಟರ್ ನೀರಿನಲ್ಲಿ ಜಿಪ್ಸಮ್ ಕರಗೋದು ಎರಡೂವರೆ ಗ್ರಾಂ ಒಳಗೆ. ಲೆಕ್ಕ ಹಾಕಿ. 2 ಕೆಜಿ ಮೂರ್ತಿ ಪೂರ್ತಿ ಕರಗೋದಕ್ಕೆ 800 ಲೀಟರಿಗೂ ಹೆಚ್ಚು ನೀರು ಬೇಕು. ಹೆಚ್ಚುಕಡಿಮೆ ಮನೆ ಮೇಲಿನ ಒಂದು ಟ್ಯಾಂಕ್, ಒಂದು ಪುಟ್ಟ ಗಣಪತಿಗೆ. ಅದೂ ನಿಧಾನಕ್ಕೆ. ಕರಗಿದ ಮೇಲೂ ನೀರು ಗಡಸಾಗುತ್ತೆ. ಮೇಲಿನ ಹೊಳೆಯೋ ಬಣ್ಣದಲ್ಲಿ ಸೀಸ, ಕ್ರೋಮಿಯಂನಂಥ ಲೋಹ ಇದ್ದರೆ ಅದು ಕೆಸರಿಗೆ ಸೇರುತ್ತೆ, ಅಲ್ಲಿಂದ ಮೀನಿಗೆ.

ಕಾನೂನು ಇಲ್ಲ ಅಂತಲ್ಲ. 1974ರ ಜಲಮಾಲಿನ್ಯ ಕಾಯ್ದೆ ಇದೆ. ಪಿಒಪಿ ಮತ್ತು ರಾಸಾಯನಿಕ ಬಣ್ಣದ ಮೂರ್ತಿಗಳನ್ನ ಜಲಮೂಲಗಳಲ್ಲಿ ಬಿಡಬಾರದು ಅಂತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲೇ ಆದೇಶ ಹೊರಡಿಸಿದೆ. ಕೇಂದ್ರ ಮಂಡಳಿ 2020ರ ಮೇ ತಿಂಗಳಲ್ಲಿ ತನ್ನ ಮಾರ್ಗಸೂಚಿಯನ್ನ ಪರಿಷ್ಕರಿಸಿ, ಮಣ್ಣಿನ ಮೂರ್ತಿ, ಸಹಜ ಬಣ್ಣ, ಹೂವು-ಬಟ್ಟೆ ಬೇರ್ಪಡಿಸೋದು, ತಾತ್ಕಾಲಿಕ ಹೊಂಡ ಎಲ್ಲವನ್ನೂ ವಿವರವಾಗಿ ಹೇಳಿದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಇನ್ನೂ ಮುಂದೆ ಹೋಗಿ, ಅಮೋನಿಯಂ ಬೈಕಾರ್ಬೊನೇಟ್ ಬೆರೆಸಿದ ಬಕೆಟ್ ನೀರಿನಲ್ಲಿ ಪಿಒಪಿ ಮೂರ್ತಿಯನ್ನ ಕರಗಿಸೋ ವಿಧಾನ ತೋರಿಸಿಕೊಟ್ಟಿದ್ದಾರೆ. ಕೊನೆಗೆ ಉಳಿಯೋದು ಸುಣ್ಣದ ಪುಡಿ ಮತ್ತು ಗೊಬ್ಬರವಾಗಬಲ್ಲ ಅಮೋನಿಯಂ ಸಲ್ಫೇಟ್. ಅಂದ್ರೆ ದಾರಿಗಳಿವೆ. ದಾರಿ ಇದ್ದೂ ನಡೆಯದೇ ಇರೋದಕ್ಕೆ ಕಾರಣ ಬೇರೆಲ್ಲೋ ಇದೆ.

ನೀರಿನ ಮಾತಿಗೆ ಬರೋಣ. ಕಲಬುರಗಿಯಲ್ಲಿ ಕೆರೆ ಅಂದ ತಕ್ಷಣ ಬಾಯಿಗೆ ಬರೋದು ಅಪ್ಪನ ಕೆರೆ, ಶರಣಬಸವೇಶ್ವರರ ಹೆಸರಿನದ್ದು. ಊರಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆ ಹೊರಟರೆ ಕುರಿಕೋಟಾ ಹತ್ತಿರ ಬೆಣ್ಣೆತೊರೆ ನದಿ ದಾಟ್ತೀವಿ. ಮಳೆಗಾಲದಲ್ಲಿ ಸೇತುವೆ ಮೇಲೆ ಗಾಡಿ ನಿಲ್ಲಿಸಿ ಫೋಟೊ ತೆಗೆಯದವರು ಕಡಿಮೆ. ಕಲಬುರಗಿ ನಗರಕ್ಕೆ ಕುಡಿಯೋ ನೀರು ಭೀಮಾ ನದಿಯಿಂದ ಬಂದ ಹಾಗೆ ಈ ಬೆಣ್ಣೆತೊರೆಯಿಂದಲೂ ಬರುತ್ತೆ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿನಲ್ಲಿ ನಳ ಯಾವಾಗ ಬರುತ್ತೆ ಅಂತ ಕಾಯೋ ಊರು ನಮ್ಮದು. ಭಾದ್ರಪದದಲ್ಲಿ ನೀರನ್ನ ಗಂಗೆ ಅಂತ ಕರೆದು ಕೈಮುಗಿಯೋರೂ ನಾವೇ, ಚೈತ್ರದಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲೋರೂ ನಾವೇ. ನಡುವೆ ಇರೋದು ಆರೇ ತಿಂಗಳು.

ಇಷ್ಟು ಹೇಳಿದ ಕೂಡಲೇ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ: "ಬರೀ ನಮ್ಮ ಹಬ್ಬಾನೇ ಯಾಕ್ರಿ ಕಣ್ಣಿಗಿ ಬೀಳ್ತದ? ಫ್ಯಾಕ್ಟರಿ ಇಲ್ಲೇನು? ಗಟಾರ ನೀರು ವರ್ಷಾ ಪೂರ್ತಿ ಹರೀತದಲ್ಲ?"

ಈ ಪ್ರಶ್ನೆಯನ್ನ ತಳ್ಳಿಹಾಕೋ ಹಾಗಿಲ್ಲ. ಅದರಲ್ಲಿ ಸತ್ಯ ಇದೆ. ಒಂದು ಊರಿನ ಕೊಳಚೆ 365 ದಿನ ನದಿಗೆ ಸೇರೋದಕ್ಕೆ ಹೋಲಿಸಿದರೆ ಹಬ್ಬದ ಹತ್ತು ದಿನ ಸಣ್ಣದೇ. ವರ್ಷವಿಡೀ ಸುಮ್ಮನಿದ್ದು ಚೌತಿ ಬಂದಾಗ ಮಾತ್ರ ಎಚ್ಚರಾಗುವ ಪರಿಸರ ಪ್ರೇಮದ ಬಗ್ಗೆ ಜನಕ್ಕೆ ಅನುಮಾನ ಬಂದರೆ ಅದು ಜನರ ತಪ್ಪಲ್ಲ. ಗಟಾರದ ಲೆಕ್ಕವನ್ನ ಪಾಲಿಕೆಯಿಂದ, ಕಾರ್ಖಾನೆಯ ಲೆಕ್ಕವನ್ನ ಸರ್ಕಾರದಿಂದ ಕೇಳಬೇಕು, ಜೋರಾಗಿಯೇ ಕೇಳಬೇಕು.

ಆದರೆ ಈ ವಾದದಲ್ಲಿ ಒಂದು ವಿಚಿತ್ರ ಇದೆ. ನಮ್ಮ ದೇವರನ್ನ ಗಟಾರದ ಜೊತೆ ತಕ್ಕಡಿಯಲ್ಲಿಟ್ಟು, "ಅದಕ್ಕಿಂತ ಇದು ಕಡಿಮೆ ಹೊಲಸು" ಅಂತ ಸಾಬೀತು ಮಾಡೋದು ಭಕ್ತಿಯ ಸಮರ್ಥನೆಯಾ? ಕಾರ್ಖಾನೆ ನಡೆಯೋದು ಲಾಭಕ್ಕೆ. ಅದು ನೀರನ್ನ ತಾಯಿ ಅಂತ ಕರೆಯೋದಿಲ್ಲ. ನಾವು ಕರೀತೀವಿ. ತಾಯಿ ಅಂತ ಕರೆದವನಿಗೆ ಅಳತೆಗೋಲು ಬೇರೆ ಇರಬೇಕು. ಅದನ್ನ ಹೊರಗಿನವರು ಹೇರಿದ್ದಲ್ಲ, ನಮ್ಮದೇ ಮಾತಿನಿಂದ ನಮಗೆ ಬಂದಿದ್ದು.

ಇನ್ನೊಂದು ಕಡೆಯ ಸುಳ್ಳಿನ ಬಗ್ಗೆಯೂ ಹೇಳಬೇಕು. ಅದು ನಮ್ಮ ನಿಮ್ಮಂಥ ಸಂಬಳದವರ ಸುಳ್ಳು. ಬೆಂಗಳೂರಲ್ಲೋ ಹೈದರಾಬಾದಲ್ಲೋ ಕೂತು ಆನ್‌ಲೈನಿನಲ್ಲಿ 'ಇಕೋ ಗಣೇಶ' ಆರ್ಡರ್ ಮಾಡ್ತೀವಿ. ಅದು ನೂರಾರು ಕಿಲೋಮೀಟರ್ ದೂರದಿಂದ ಮೂರು ಸುತ್ತು ಬಬಲ್ ರ‍್ಯಾಪ್ ಸುತ್ತಿಕೊಂಡು ಬರುತ್ತೆ. ಹೊಟ್ಟೆಯಲ್ಲಿ ಬೀಜ ಇದೆ ಅಂತ ಬರೆದಿರುತ್ತೆ. ಸ್ಟೇಟಸ್ ಹಾಕಿದ ಮೇಲೆ ಬೀಜ ಮೊಳಕೆ ಒಡೀತೋ ಇಲ್ಲವೋ ಯಾರೂ ನೋಡೋದಿಲ್ಲ. ಅದೂ ಒಗೆಯೋದೇ, ಸ್ವಲ್ಪ ದುಬಾರಿ ರೀತಿಯದು.

ಮಣ್ಣಿನದು ಅಂದ ಮಾತ್ರಕ್ಕೆ ಎಲ್ಲಾ ಸರಿ ಅಂತಲೂ ಅಲ್ಲ. 2011ರ ಜನಗಣತಿಯಲ್ಲಿ ಕಲಬುರಗಿ ನಗರದ ಜನಸಂಖ್ಯೆ 5.3 ಲಕ್ಷ ದಾಟಿತ್ತು. ಮನೆಗೆ ಐದು ಜನ ಅಂದ್ರೂ ಒಂದು ಲಕ್ಷದಷ್ಟು ಮನೆ. ಹತ್ತರಲ್ಲಿ ಒಂದು ಮನೆಯವರು 2 ಕೆಜಿಯ ಮಣ್ಣಿನ ಗಣಪತಿಯನ್ನ ಒಂದೇ ಕೆರೆಗೆ ತಂದರು ಅಂತ ಇಟ್ಟುಕೊಳ್ಳಿ. 20 ಟನ್ ಮಣ್ಣು, ಕೆಲವೇ ದಿನಗಳಲ್ಲಿ, ನಿಂತ ನೀರಿಗೆ. ಹರಿಯೋ ಹೊಳೆ, ಸಣ್ಣ ಊರು, ಅಂಗೈಯಷ್ಟು ಮೂರ್ತಿ, ಈ ಮೂರೂ ಇದ್ದಾಗ ಹುಟ್ಟಿದ ಪದ್ಧತಿ ಅದು. ಮೂರೂ ಬದಲಾದ ಮೇಲೆ ಪದ್ಧತಿ ಮಾತ್ರ ಹಾಗೇ ಇರಲಿ ಅಂದರೆ ಹೇಗೆ?

ಕಲಬುರಗಿಗೂ ಕಮಲಾಪುರಕ್ಕೂ ಇರೋದು ಸುಮಾರು 35 ಕಿಲೋಮೀಟರ್. ಆದರೆ ಈ ವಿಷಯದಲ್ಲಿ ಅಂತರ ಅದಕ್ಕಿಂತ ಜಾಸ್ತಿ. ಕಮಲಾಪುರದ ಕೆಂಪು ಬಾಳೆ ನಿಮಗೆ ಗೊತ್ತಿರುತ್ತೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಹಣ್ಣು. ಗೊಬ್ಬರ, ನೀರು, ಆರೈಕೆ ಎಲ್ಲಾ ಜಾಸ್ತಿ ಕೇಳೋ ಬೆಳೆ. ಗೊನೆ ಕಡಿದ ಮೇಲೆ ದಿಂಡು ಅಲ್ಲೇ ಕೊಳೆತು ಮುಂದಿನ ಕಂದಿಗೆ ಗೊಬ್ಬರ ಆಗುತ್ತೆ ಅಂತ ತೋಟದವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಹೊಲ ಇರೋ ಮನೆಯಲ್ಲಿ ಮಣ್ಣೆತ್ತು ಎಲ್ಲಿಂದ ಬಂತು ಅನ್ನೋದೂ ಗೊತ್ತು, ಎಲ್ಲಿಗೆ ಹೋಗಬೇಕು ಅನ್ನೋದೂ ಗೊತ್ತು. ನಗರದ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಎರಡೂ ಗೊತ್ತಿಲ್ಲ. ಮೂರ್ತಿ ಮಾರ್ಕೆಟ್ಟಿನಿಂದ ಬಂತು, ಕೆರೆಗೆ ಹೋಯ್ತು. ಮಂಟಪಕ್ಕೆ ಕಟ್ಟಿದ ಬಾಳೆ ಕಂದಿಗೆ ಇರೋ ಬುದ್ಧಿ, ಅಂದರೆ ಬಂದ ಹಾಗೆ ಹೋಗೋ ಬುದ್ಧಿ, ಅದರ ಪಕ್ಕದಲ್ಲಿ ಕೂತ ಮೂರ್ತಿಗೆ ನಾವು ಕೊಟ್ಟಿಲ್ಲ.

ಹಾಗಾದರೆ ಬಕೆಟ್? ಇಲ್ಲಿ ಮನೆಯ ಹಿರಿಯರ ಮುಖ ಸಣ್ಣದಾಗುತ್ತೆ. "ಬಕೆಟ್‌ನ್ಯಾಗ ದೇವರನ್ನ ಬಿಡೋದಾ? ಹರಿಯೋ ನೀರು ಬ್ಯಾಡಾ?" ಈ ಸಂಕಟವನ್ನ ಮೂಢನಂಬಿಕೆ ಅಂತ ನಕ್ಕುಬಿಡೋದು ಸುಲಭ, ಆದರೆ ಅನ್ಯಾಯ. ಸ್ನಾನದ ಮನೆಯ ಪ್ಲಾಸ್ಟಿಕ್ ಬಕೆಟ್ಟಿಗೂ ಹತ್ತು ದಿನ ಪೂಜೆಗೊಂಡ ಮೂರ್ತಿಗೂ ಏನು ಸಂಬಂಧ ಅನ್ನೋ ಅವರ ಪ್ರಶ್ನೆಯಲ್ಲಿ ಒಂದು ಗೌರವ ಇದೆ, ಅದನ್ನ ಉಳಿಸಿಕೊಂಡೇ ಉತ್ತರ ಹುಡುಕಬೇಕು.

ಉತ್ತರ ಅವರ ಪೂಜೆಯೊಳಗೇ ಇದೆ. ಪೂಜೆ ಶುರು ಮಾಡುವಾಗ ತಾಮ್ರದ ಕಲಶದ ನೀರಿಗೆ ಗಂಗೆ, ಯಮುನೆ, ಗೋದಾವರಿಯರನ್ನ ಕರೀತೀವಿ. ಕರೆದ ಮೇಲೆ ಅದು ನಳದ ನೀರಲ್ಲ, ತೀರ್ಥ. ಒಂದು ತಂಬಿಗೆಗೆ ಗಂಗೆ ಬರ್ತಾಳೆ ಅಂದ್ರೆ, ತೊಳೆದು, ಅರಿಶಿನ-ಕುಂಕುಮ ಹಚ್ಚಿದ ಹಿತ್ತಾಳೆ ಪಾತ್ರೆಗೆ ಯಾಕೆ ಬರೋದಿಲ್ಲ? ಬರೋದಕ್ಕೆ ಅವಳಿಗೆ ತೊಂದರೆ ಇಲ್ಲ. ಕರೆಯೋದಕ್ಕೆ ನಮಗೆ ನಂಬಿಕೆ ಸಾಲುತ್ತಾ ಅನ್ನೋದಷ್ಟೇ ಪ್ರಶ್ನೆ.

ಇನ್ನು ಸಾರ್ವಜನಿಕ ಗಣಪತಿ. 1893ರಲ್ಲಿ ತಿಲಕರು ಪುಣೆಯಲ್ಲಿ ಇದಕ್ಕೆ ದೊಡ್ಡ ರೂಪ ಕೊಟ್ಟಾಗ ಉದ್ದೇಶ ಜನ ಸೇರೋದು. ಇವತ್ತು ಓಣಿ ಓಣಿಯ ನಡುವೆ ನಡೆಯೋದು ಎತ್ತರದ ಪಂದ್ಯ. ಅವರದು ಹತ್ತು ಅಡಿ ಅಂದ್ರೆ ನಮ್ಮದು ಹನ್ನೆರಡು. ಮಣ್ಣಿನಲ್ಲಿ ಅಷ್ಟು ಎತ್ತರ ಕಷ್ಟ, ಹಾಗಾಗಿ ಪಿಒಪಿ. ಎತ್ತರದ ಆಸೆ ಬಿಡದೆ ಪಿಒಪಿ ಬಿಡಿ ಅನ್ನೋದು ಬುಡ ಬಿಟ್ಟು ಟೊಂಗೆ ಕಡಿದ ಹಾಗೆ.

ಆ ಎತ್ತರದ ಬೆಲೆ ಯಾರು ಕೊಡ್ತಾರೆ? ಪಟ್ಟಿ ಕೊಟ್ಟವರಲ್ಲ, ಡಿಜೆ ಮುಂದೆ ಕುಣಿದವರೂ ಅಲ್ಲ. ಮಾರನೇ ದಿನ ಬೆಳಗ್ಗೆ ಮೊಣಕಾಲುದ್ದ ಕೆಸರಿನಲ್ಲಿ ಇಳಿದು, ಮೊಳೆ, ತಂತಿ, ಕಟ್ಟಿಗೆ, ಅರ್ಧ ಕರಗಿದ ಕೈಕಾಲು ಎತ್ತಿ ಹಾಕೋ ಪೌರಕಾರ್ಮಿಕರು. ಕಾಯಕ, ದಾಸೋಹ ಅನ್ನೋ ಎರಡು ಪದಗಳನ್ನ ಜಗತ್ತಿಗೆ ಕೊಟ್ಟ ಕಲ್ಯಾಣ ನಮ್ಮ ಪಕ್ಕದಲ್ಲೇ ಇದೆ. ಶರಣಬಸವೇಶ್ವರರ ಹೆಸರು ಹೇಳಿದರೆ ಇವತ್ತಿಗೂ ಜನಕ್ಕೆ ನೆನಪಾಗೋದು ದಾಸೋಹ. ಹಂಚಿಕೊಂಡು ಉಣ್ಣೋದು ದಾಸೋಹವಾದರೆ, ಸಂಭ್ರಮ ನಾವು ಇಟ್ಟುಕೊಂಡು ಹೊಲಸನ್ನ ಇನ್ನೊಬ್ಬರಿಗೆ ಹಂಚೋದಕ್ಕೆ ಏನು ಹೆಸರು?

ಜೋಕುಮಾರನ ಕಥೆ ನೆನಪಾಗೋದು ಇಲ್ಲೇ. ಗಣಪ್ಪ ಭೂಮಿಗೆ ಬಂದು, ಕಡುಬು-ಮೋದಕ ತಿಂದು, ವಾಪಸ್ ಹೋಗಿ ಶಿವನ ಹತ್ತಿರ "ಭೂಲೋಕದಾಗ ಎಲ್ಲಾ ಚಲೋ ಅದ" ಅಂತ ಹೇಳ್ತಾನಂತೆ. ಅವನ ಬೆನ್ನಿಗೆ ಜೋಕುಮಾರ ಬರ್ತಾನೆ. ಅಂಬಿಗರ ಹೆಣ್ಣುಮಕ್ಕಳ ಬುಟ್ಟಿಯಲ್ಲಿ, ಬೇವಿನ ಸೊಪ್ಪಿನ ನಡುವೆ ಕೂತು ಮನೆ ಮನೆ ತಿರುಗ್ತಾನೆ. ಜನರ ಖರೇ ಸ್ಥಿತಿ ನೋಡ್ತಾನೆ. ಮಳೆ ಇಲ್ಲ, ಬೆಳೆ ಬಾಡ್ತಿದೆ ಅಂತ ಕಷ್ಟದ ಸುದ್ದಿ ಮುಟ್ಟಿಸೋನು ಅವನು. ನಮ್ಮ ಹಿರಿಯರು ಎಂಥಾ ಜಾಣರು ನೋಡಿ: ಹಬ್ಬಕ್ಕೆ ಬಂದ ಅತಿಥಿಯ ವರದಿಯೊಂದನ್ನೇ ನಂಬಲಿಲ್ಲ, ಮರುದಿನದ ವರದಿಗಾರನನ್ನೂ ಇಟ್ಟುಕೊಂಡರು. ಈ ವರ್ಷ ಜೋಕುಮಾರ ಕೆರೆ ದಂಡೆ ಮೇಲೆ ಹಾದು ಹೋದರೆ ಮೇಲೆ ಹೋಗಿ ಏನು ಹೇಳ್ತಾನೆ?

ದೊಡ್ಡ ಮೂರ್ತಿ ಬೇಕೇ ಬೇಕು ಅನ್ನೋ ಮಂಡಳಿಗಳಿಗೂ ದಾರಿ ನಮ್ಮ ಹಳ್ಳಿಗಳಲ್ಲೇ ಇದೆ. ಮೊಹರಂನಲ್ಲಿ ಹಿಂದೂ-ಮುಸ್ಲಿಮರು ಸೇರಿ ಅಲಾಯಿ ದೇವರು ಕೂಡ್ರಸ್ತಾರಲ್ಲ, ಕೊನೇ ದಿನ ದೇವರು ಹೊಳೆಗೆ ಹೋಗೋದನ್ನ ನೋಡಿದ್ದೀರಾ? ಊರಿಗೆ ಊರೇ ಅಳುತ್ತೆ. ನೀರಿನ ಹತ್ತಿರ ಪಂಜಾದ ಬಟ್ಟೆ-ಹೂವು ಬಿಚ್ಚಿ, ತೊಳೆದು, ಸುತ್ತಿ, ವಾಪಸ್ ತಂದು ಪೆಟ್ಟಿಗೆಯಲ್ಲಿ ಇಡ್ತಾರೆ. ಮುಂದಿನ ವರ್ಷ ಮತ್ತೆ ಅದೇ ಪಂಜಾ. ಬೀಳ್ಕೊಡುಗೆಯಲ್ಲಿ ಒಂದು ಗುಲಗಂಜಿ ಕಡಿಮೆಯಾಗಿಲ್ಲ, ನೀರಿಗೆ ಒಂದು ಗುಲಗಂಜಿ ಭಾರವೂ ಬಿದ್ದಿಲ್ಲ. ಹಾಗೇ ಮಂಡಳಿಯ ದೊಡ್ಡ ಮೂರ್ತಿ ವರ್ಷ ವರ್ಷ ಅದೇ ಇರಲಿ, ನೀರು ಚಿಮುಕಿಸಿ ವಾಪಸ್ ಬರಲಿ. ಅದರ ಮುಂದೆ ಪೂಜೆಗೊಳ್ಳೋ ಮಣ್ಣಿನ ಸಣ್ಣ ಗಣಪ್ಪ ಮಾತ್ರ ಕರಗಲಿ.

ಆ ಸಣ್ಣವನು ಬೇಕೇ ಬೇಕು ಅಂತ ನನಗೆ ಅನ್ನಿಸೋದಕ್ಕೆ ಕಾರಣ ಇದೆ. ಯಾವುದೂ ಕರಗದ ವಿಸರ್ಜನೆ ಸ್ವಚ್ಛವಾಗಿರಬಹುದು, ಆದರೆ ಅದರಲ್ಲಿ ಏನೋ ಕಳೆದುಹೋಗುತ್ತೆ. ಹತ್ತು ದಿನ ಪ್ರೀತಿ ಮಾಡಿದ ರೂಪ ಕಣ್ಣೆದುರೇ ಇಲ್ಲವಾಗೋದನ್ನ ನೋಡೋದು ಈ ಹಬ್ಬ ನಮಗೆ ಕಲಿಸೋ ದೊಡ್ಡ ಪಾಠ. ಎಲ್ಲವನ್ನೂ ಬ್ಯಾಕಪ್ ಇಟ್ಟುಕೊಂಡು ಬದುಕೋ ನಮಗಂತೂ ವರ್ಷಕ್ಕೊಮ್ಮೆಯಾದರೂ ಆ ಅಭ್ಯಾಸ ಬೇಕು.

ತಮಾಷೆ ಏನಂದ್ರೆ, ಆ ಪಾಠ ಕೆರೆಯಲ್ಲಿ ಸಿಗೋದಿಲ್ಲ. ಕೆರೆಯಲ್ಲಿ ಮೂರ್ತಿ ಮುಳುಗಿದ ಕೂಡಲೇ ತಿರುಗಿ ಗಾಡಿ ಹತ್ತುತ್ತೀವಿ. ಮನೆಯ ಪಾತ್ರೆಯಲ್ಲಿ ಹಾಗಾಗೋದಿಲ್ಲ. ಮೊದಲು ಒಂದೆರಡು ಗುಳ್ಳೆ ಏಳುತ್ತೆ. ಸ್ವಲ್ಪ ಹೊತ್ತಿಗೆ ಕಿವಿಯ ಅಂಚು ಸಡಿಲಾಗುತ್ತೆ, ಆಮೇಲೆ ಸೊಂಡಿಲು. ರಾತ್ರಿ ಮಲಗೋ ಮುಂಚೆ ಮಕ್ಕಳು ಮತ್ತೊಂದು ಸಲ ಬಂದು ಬಗ್ಗಿ ನೋಡ್ತಾರೆ. "ಹೊಟ್ಟಿ ಇನ್ನಾ ಅದ" ಅಂತಾರೆ. ಬೆಳಗ್ಗೆ ಎದ್ದರೆ ತಳದಲ್ಲಿ ಮೆತ್ತಗಿನ ಮಣ್ಣು, ಮೇಲೆ ತಿಳಿನೀರು. ಅದನ್ನ ಕುಂಡಕ್ಕೆ ಹಾಕಬಹುದು. ಹಬ್ಬಕ್ಕೆ ಊರಿಗೆ ಹೋದವರಾಗಿದ್ದರೆ ಕಮಲಾಪುರದ ಯಾವುದೋ ಬಾಳೆಯ ಬುಡಕ್ಕೆ ಹಾಕಬಹುದು.

ಮೂರ್ತಿ ಚಿಕ್ಕದಿರಲಿ, ಹಸಿ ಮಣ್ಣಿನದಿರಲಿ, ಬಣ್ಣ ಅರಿಶಿನ-ಕುಂಕುಮದಷ್ಟಿರಲಿ. ಹೂವು, ಬಟ್ಟೆ ಮೊದಲೇ ತೆಗೆದಿಡಿ. ಇವೆಲ್ಲ ಗೊತ್ತಿರೋ ಮಾತೇ. ನಾನು ಸೇರಿಸೋದು ಒಂದೇ: ಬಿಟ್ಟ ಮೇಲೆ ಎದ್ದು ಹೋಗಬೇಡಿ. ಬಸ್ಸು ಹೊರಡೋವರೆಗೂ ನಿಲ್ಲೋ ಹಾಗೆ, ಕೊನೇ ಹೆಂಟೆ ಕರಗೋವರೆಗೂ ಮನೆಯಲ್ಲಿ ಯಾರಾದರೂ ಆಗಾಗ ಬಂದು ನೋಡ್ತಿರಿ.